ನಮ್ಮ ಮನೆಯ ಫ್ಯೂಜ್ ಕಿತ್ತೊಯ್ದವರು

ಅದು ಎರಡು ಸಾವಿರದ ಎಂಟರ ಬೇಸಿಗೆ. ಯುಗಾದಿಗೆ ಇನ್ನೂ ವಾರವಿತ್ತು, ಆಗಲೇ ಬನಹಟ್ಟಿಯ ಬಿಸಿಲು ಕಾದ ಹಂಚಿನ ಹಾಗಿತ್ತು. ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುತ್ತಿತ್ತು, ಬಂದರೂ ಒಂದೇ ಸಮನೆ ಇರುತ್ತಿರಲಿಲ್ಲ. ಓಣಿಯ ಬೇರೆಯವರಿಗೆ ಅದು ಬರೀ ಸೆಕೆಯ ಮಾತು. ನನಗೆ ಹಾಗಲ್ಲ, ನಮ್ಮ ಮನೆಯ ಫ್ರಿಜ್ಜಿನಲ್ಲಿ ನನ್ನ ಮಗಳ ಜೀವ ಇತ್ತು.

ಮಗಳು ಸುಮಾಗೆ ಆಗ ಏಳು ವರ್ಷ. ಹಿಂದಿನ ವರ್ಷ ಮೇಲಿಂದ ಮೇಲೆ ನೀರು ಕುಡಿಯುತ್ತ, ದಿನದಿಂದ ದಿನಕ್ಕೆ ಸೊರಗುತ್ತ ಬಂದಾಗ ಮಿರಜಿನ ದವಾಖಾನೆಗೆ ಕರೆದೊಯ್ದಿದ್ದೆವು. ಸಕ್ಕರೆ ಕಾಯಿಲೆ ಎಂದರು. ಇಷ್ಟು ಸಣ್ಣ ಕೂಸಿಗೂ ಆ ಕಾಯಿಲೆ ಬರುತ್ತದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಮುಂಜಾನೆ, ಸಂಜೆ ಇನ್ಸುಲಿನ್ ಸೂಜಿ ಚುಚ್ಚಲೇಬೇಕು, ತಪ್ಪಿಸಿದರೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅವಳಿಗೆ ಬೇಕಾದ ಔಷಧಿ ಆಗ ನಮ್ಮೂರಲ್ಲಿ ಸಿಗುತ್ತಿರಲಿಲ್ಲ. ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರು ತಿಂಗಳಿಗೊಮ್ಮೆ ರಜೆ ಹಾಕಿ ಮಿರಜಿಗೆ ಹೋಗಿ, ಥರ್ಮಾಸಿನಲ್ಲಿಟ್ಟುಕೊಂಡು ತರುತ್ತಿದ್ದರು. ಅದಕ್ಕೆಂದೇ ಫ್ರಿಜ್ ಕೊಂಡಿದ್ದೆವು. ಜೊತೆಗೆ ಸ್ಟೆಬಿಲೈಜರ್ ಬೇಕೇನು ಎಂದು ಜಮಖಂಡಿಯ ಅಂಗಡಿಯವನು ಕೇಳಿದಾಗ, ಅದೊಂದು ಡಬ್ಬಿ ಯಾಕ್ರಿ ಸುಮ್ಮನೆ ಎಂದು ಬೇಡ ಅಂದವಳು ನಾನೇ.

ಕಾಯಿಲೆಯ ವಿಷಯ ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೆಣ್ಣು ಮಗು, ನಾಳೆ ಮದುವೆಗೆ ಬಂದಾಗ ಜನ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ. ಪಕ್ಕದ ಮನೆಯ ಕಸ್ತೂರಿ "ಅಕ್ಕಾ, ಒಂದೀಟು ಐಸ್ ಕೊಡ್ರಿ" ಎಂದು ಬಟ್ಟಲು ಹಿಡಿದು ಬಂದರೆ, ಬಾಗಿಲು ತೆಗೆದಷ್ಟೂ ತಂಪು ಹೋಗುತ್ತದೆಂದು "ಇನ್ನೂ ಆಗಿಲ್ಲ" ಎಂದು ಕಳಿಸಿಬಿಡುತ್ತಿದ್ದೆ. ಫ್ರಿಜ್ ಬಂದ ಮೇಲೆ ಇವಳಿಗೆ ಸೊಕ್ಕು ಬಂತು ಎಂಬ ಹೆಸರೂ ಬಂತು. ಅಂದುಕೊಳ್ಳಲಿ ಬಿಡು ಎಂದು ನಾನೂ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದೆ. ಮೊದಲೇ ನನ್ನದು ಜೋರು ಬಾಯಿ, ತವರೂರು ಸಾವಳಗಿಯಲ್ಲಿ ನಮ್ಮ ಅಣ್ಣಂದಿರೇ ನನ್ನ ಬಾಯಿಗೆ ಬೀಳುತ್ತಿರಲಿಲ್ಲ.

ನಮ್ಮ ಮನೆಯ ಒಂದು ಮಗ್ಗುಲಿಗೆ ಕಸ್ತೂರಿಯ ಮನೆಯಾದರೆ, ಇನ್ನೊಂದು ಮಗ್ಗುಲಿಗೆ ವಿದ್ಯುತ್ ಮಗ್ಗಗಳ ಶೆಡ್ಡು. ಕರೆಂಟ್ ಇದ್ದಷ್ಟು ಹೊತ್ತೂ ಖಟಪಟ ಖಟಪಟ. ಅಲ್ಲಿ ಸೀರೆ ನೇಯಲು ಚಿಮ್ಮಡದಿಂದ ದಿನಾ ಸೈಕಲ್ ಮೇಲೆ ಒಬ್ಬ ವಯಸ್ಸಾದವರು ಬರುತ್ತಿದ್ದರು. ತಲೆಗೊಂದು ಟವೆಲ್ಲು, ಮೈಗೆಲ್ಲ ಹತ್ತಿಯ ಧೂಳು. ಎರಡು ವರ್ಷದಿಂದ ನೋಡುತ್ತಿದ್ದರೂ ಒಂದು ದಿನ ಮಾತಾಡಿಸಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಮೂರರ ಸುಮಾರು. ಬೇಸಿಗೆಯೆಂದು ಮುಂಜಾನೆಯಷ್ಟೇ ಶಾಲೆ, ಸುಮಾ ಬಂದು ಉಂಡು ಮಲಗಿದ್ದಳು. ಕರೆಂಟ್ ಇರಲಿಲ್ಲ. ನಾನು ಬಾಗಿಲು ಮುಂದಕ್ಕೆ ಎಳೆದುಕೊಂಡು, ಓಣಿಯ ತುದಿಯ ಬೋರಿನ ಕೈಪಂಪಿಗೆ ನೀರಿಗೆ ಹೋಗಿದ್ದೆ. ಕೊಡ ತುಂಬುವ ಹೊತ್ತಿಗೆ ಮಗ್ಗಗಳ ಸದ್ದು ಶುರುವಾಯಿತು. ಅಬ್ಬಾ, ಕರೆಂಟ್ ಬಂತು, ಫ್ರಿಜ್ ಹತ್ತಿಕೊಂಡಿತು ಎಂದು ಸಮಾಧಾನವಾಯಿತು. ಕೊಡ ಹೊತ್ತು ಮನೆ ಹತ್ತಿರ ಬಂದರೆ ಏನು ನೋಡುವುದು? ಆ ಮುದುಕ ನಮ್ಮ ಕಟ್ಟೆಯ ಮೇಲೆ ನಿಂತು ಮೀಟರಿನ ಪೆಟ್ಟಿಗೆಗೆ ಕೈ ಹಾಕಿದ್ದಾನೆ! ನೋಡುನೋಡುತ್ತಿದ್ದಂತೆ ನಮ್ಮ ಫ್ಯೂಜ್ ಕಿತ್ತು ಅಂಗಿಯ ಕಿಸೆಯೊಳಗೆ ಹಾಕಿಕೊಂಡು ಕಟ್ಟೆ ಇಳಿದೇಬಿಟ್ಟ.

"ಏ ಮುದಕಾ, ಏನ ಮಾಡಾಕತ್ತಿ?" ಎಂದು ಕೂಗಿದೆ.

"ತಡಿ ತಂಗೀ, ತಡಿ" ಎನ್ನುತ್ತ ಅವನು ಕಸ್ತೂರಿಯ ಮನೆಯ ಕಡೆ ಓಡಿದ. "ಮೇನ್ ಬಂದ್ ಮಾಡ್ರೋ! ಎಲ್ಲಾರೂ ಮೇನ್ ಬಂದ್ ಮಾಡ್ರಿ!"

ಅವನ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ಹತ್ತಲಿಲ್ಲ. ಕೊಡ ಅಲ್ಲೇ ಕುಕ್ಕಿ ಓಡಿ ಹೋಗಿ ನಡು ಓಣಿಯಲ್ಲಿ ಅವನ ಅಂಗಿ ಹಿಡಿದು ಜಗ್ಗಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಕಳ್ಳ ಎಂದೆ, ನಿನ್ನ ಕೈ ಸೇದಿ ಹೋಗಲಿ ಎಂದೆ. ಬರೆಯಲು ನಾಚಿಕೆಯಾಗುವಂಥವನ್ನೂ ಅಂದೆ. ಆ ಸಿಟ್ಟಿನಲ್ಲಿ ವರ್ಷದಿಂದ ಮುಚ್ಚಿಟ್ಟದ್ದೂ ಹೊರಗೆ ಬಂತು. "ಆ ಫ್ರಿಜ್‌ನ್ಯಾಗ ನನ್ನ ಮಗಳ ಇನ್ಸುಲಿನ್ ಐತಿ! ಸಕ್ಕರಿ ಬ್ಯಾನಿ ಐತಿ ಆಕಿಗೆ! ಔಷಧ ಕೆಟ್ಟು ಆಕಿಗೆ ಏನರ ಆದ್ರ ನೀ ತಂದುಕೊಡ್ತಿಯೇನ?"

ಅವನು ಬಿಡಿಸಿಕೊಳ್ಳಲು ಕೊಸರಾಡುತ್ತಲೇ ಇದ್ದ. ಅಷ್ಟರಲ್ಲಿ ಕಸ್ತೂರಿಯ ಮನೆಯೊಳಗೆ ಫಟ್ ಎಂದು ಬಲ್ಬು ಒಡೆದ ಸದ್ದು. ಬೆನ್ನಿಗೇ ಅವಳು ಕಿರುಚುತ್ತ ಹೊರಗೆ ಓಡಿ ಬಂದಳು. ಅವಳ ಹಿಂದೆ ಕಿಟಕಿಯಿಂದ ಟಿವಿ ಸುಟ್ಟ ಹೊಗೆ, ಮೂಗಿಗೆ ಅಡರುವ ವಾಸನೆ. ನನ್ನ ಕೈ ತಾನಾಗಿ ಸಡಿಲಾಯಿತು. ಅವರು ಕಿಸೆಯಿಂದ ಫ್ಯೂಜ್ ತೆಗೆದು ನನ್ನ ಅಂಗೈಯಲ್ಲಿಟ್ಟು, "ಲೈನಿನವ್ರು ಬರೂತನಕ ಇದನ್ನ ಹಾಕಬ್ಯಾಡ" ಎಂದು ಹೇಳಿ, ಕಸ್ತೂರಿಯ ಮನೆಯ ಮೇನ್ ಆರಿಸಿ ಮುಂದಿನ ಮನೆಗೆ ಓಡಿದರು.

ಯಾರೋ ಫೋನ್ ಮಾಡಿದ್ದರಿಂದ ಲೈನಿನವರು ಬಂದರು. ಕಂಬದ ಮೇಲೆ ನ್ಯೂಟ್ರಲ್ ತಂತಿ ಕಡಿದಿತ್ತು. ಅದು ಕಡಿದರೆ ಕೆಲವು ಮನೆಗಳಿಗೆ ಇರಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಕರೆಂಟ್ ನುಗ್ಗುತ್ತದಂತೆ. ಇಡೀ ಓಣಿಯ ಲೈನ್ ಬಂದ್ ಮಾಡಿ, ನಾಳೆ ಮುಂಜಾನೆಯವರೆಗೆ ಕರೆಂಟ್ ಇಲ್ಲ ಎಂದು ಹೇಳಿ ಹೋದರು. ನಮ್ಮ ಫ್ರಿಜ್, ಫ್ಯಾನು, ಮಿಕ್ಸರ್ ಎಲ್ಲ ಉಳಿದಿದ್ದವು. ಸುಮಾ ಕಣ್ಣು ಉಜ್ಜಿಕೊಳ್ಳುತ್ತ "ಅವ್ವಾ, ಫ್ಯಾನು ಗರಗರ ಅಂತ ಭಾಳ ಜೋರ ತಿರಗಾಕತ್ತಿತ್ತು" ಎಂದಳು. ನಾನು ಹಾಗೆಯೇ ಹೊಸ್ತಿಲ ಮೇಲೆ ಕುಳಿತೆ. ಮಗು ಒಳಗೆ ಒಬ್ಬಳೇ ಮಲಗಿದ್ದಳು.

ಈಗ ಔಷಧಿಯ ಚಿಂತೆ. ಆ ಸೆಕೆಯಲ್ಲಿ ಮುಂಜಾನೆಯವರೆಗೆ ಫ್ರಿಜ್ ತಂಪು ಹಿಡಿಯುತ್ತದೆಯೇ? ನಾನು ಅಳುತ್ತ ಕುಳಿತಿರುವಾಗ ಕಸ್ತೂರಿ ಬಂದಳು. ನಾನು ಆ ಅಂಗಿ ಹಿಡಿಯದೆ ಇದ್ದಿದ್ದರೆ ಅವಳ ಟಿವಿ ಉಳಿಯುತ್ತಿತ್ತು. ಬೈಯಲು ಬಂದಳು, ಬೈಯಲಿ ಎಂದುಕೊಂಡೆ. ಅವಳು ನನ್ನ ಪಕ್ಕಕ್ಕೆ ಕುಳಿತು, "ಟಿವಿ ಸುಟ್ಟರ ಸುಡವಲ್ದ್ಯಾಕ ಬಿಡ್ರಿ. ಕೂಸಿಗೆ ಹಿಂಗೈತಿ ಅಂತ ನಂಗ ಒಂದ ಮಾತ ಹೇಳಬಾರದೇನಕ್ಕಾ? ನಾ ಹುಚ್ಚಿಗತೆ ಐಸ್ ಕೇಳ್ಕೋತ ಬರ್ತಿದ್ನಲ್ಲ" ಎಂದಳು. ಆಮೇಲೆ, "ಫ್ರಿಜ್ ಇಲ್ಲದ ಮಂದಿ ಈ ಔಷಧ ಹೆಂಗ ಇಡ್ತಾರ?" ಎಂದು ಕೇಳಿದಳು. ಆಗ ನೆನಪಾಯಿತು, ಮಿರಜಿನ ಡಾಕ್ಟರು ಹೇಳಿದ್ದರು. ದೊಡ್ಡ ಮಣ್ಣಿನ ಗಡಿಗೆಯೊಳಗೆ ಹಸಿ ಉಸುಕು, ಅದರೊಳಗೆ ಸಣ್ಣ ಗಡಿಗೆ, ಅದರೊಳಗೆ ಔಷಧಿ. ಫ್ರಿಜ್ ಇರುವಾಗ ನಮಗೇಕೆ ಅದೆಲ್ಲ ಎಂದು ಮರೆತೇಬಿಟ್ಟಿದ್ದೆ. ಕಸ್ತೂರಿ ತಾನು ಕುಡಿಯುವ ನೀರಿನ ಗಡಿಗೆಯನ್ನೇ ಬರಿದು ಮಾಡಿ ತಂದಳು. ಮನೆ ಕಟ್ಟಿಸುತ್ತಿದ್ದ ಎದುರಿನವರು ಬುಟ್ಟಿ ತುಂಬ ಉಸುಕು ಕೊಟ್ಟರು. ನಾನು ಹೆದರಿದ್ದ ಆ ಓಣಿಯ ಜನ ಒಬ್ಬರೂ ಒಂದು ಕೆಟ್ಟ ಮಾತು ಆಡಲಿಲ್ಲ.

ಸಂಜೆ ಸುಮಾಗೆ ಸೂಜಿ ಚುಚ್ಚಿ, ಊಟ ಮಾಡಿಸಿ, ಅವಳ ಕೈ ಹಿಡಿದುಕೊಂಡು ಶೆಡ್ಡಿಗೆ ಹೋದೆ. ಕರೆಂಟ್ ಇಲ್ಲದೆ ಮಗ್ಗಗಳೆಲ್ಲ ನಿಂತು ಶೆಡ್ಡು ಮೌನವಾಗಿತ್ತು. ಅವರು ಒಬ್ಬರೇ ಕಂದೀಲಿನ ಬೆಳಕಿನಲ್ಲಿ ತಮ್ಮ ಮಗ್ಗದ ಮುಂದೆ ಬಾಗಿ, ಕಡಿದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕುತ್ತಿದ್ದರು. ಓಡುವ ಮಗ್ಗವನ್ನು ಹಾಗೆಯೇ ಬಿಟ್ಟು ನಮ್ಮ ಮನೆಗೆ ಬಂದಿದ್ದರಿಂದ ಉದ್ದಕ್ಕೆ ಹಾಸಿದ ಎಳೆಗಳು ಕಡಿದು, ಅರ್ಧ ನೇಯ್ದ ಸೀರೆ ಗೋಜಲಾಗಿತ್ತು. ಹೆಸರು ಕೇಳಿದೆ. ಈರಪ್ಪ ಎಂದರು.

"ಈರಪ್ಪ ಕಾಕಾ, ನಿಮಗ ಹೆಂಗ ತಿಳೀತ್ರಿ?" ಎಂದೆ.

"ತಲಿ ಮ್ಯಾಲಿನ ಬಲ್ಬು ಒಮ್ಮೆಲೆ ಬೆಳ್ಳಗ ಉರಿಯಾಕತ್ತು, ಮಗ್ಗ ಮಾತ್ರ ಇದ್ದಂಗ ಓಡಾಕತ್ತಿತ್ತು. ಹಂಗಾದ್ರ ನ್ಯೂಟ್ರಲ್ ಹೋಗೇತಿ ಅಂತನ ಲೆಕ್ಕ. ಮಗ್ಗಕ್ಕ ಅದು ಬೇಕಾಗಿಲ್ಲ, ಮನಿಗೆ ಬೇಕು. ಫ್ಯೂಜ್ ಅಲ್ಲೇ ಬಿಟ್ಟಿದ್ರ ನೀ ಬಂದು ಮತ್ತ ಹಾಕ್ತಿದ್ದಿ."

ಖರೆ, ಹಾಕುತ್ತಿದ್ದೆ.

"ಮೊದಲ ನಮ್ಮ ಮನಿಗೇ ಯಾಕ ಬಂದ್ರಿ?"

"ಸುಮವ್ವನ ಔಷಧ ಐತಲ್ಲ ಫ್ರಿಜ್‌ನ್ಯಾಗ."

ನಾನು ಮಗಳ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು. ಎಷ್ಟೋ ತಿಂಗಳಿಂದ ಶಾಲೆಯಿಂದ ಬರುವಾಗ ನನಗೆ ಗೊತ್ತಿಲ್ಲದಂತೆ ಶೆಡ್ಡಿನೊಳಗೆ ಹೋಗಿ ಬಣ್ಣದ ನೂಲು ನೋಡುತ್ತ ನಿಲ್ಲುತ್ತಿದ್ದಳಂತೆ, ಎಲ್ಲವನ್ನೂ ಹೇಳಿದ್ದಳಂತೆ. ಅಷ್ಟು ತಿಂಗಳೂ ಅವರು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಅವತ್ತು ಅವರು ಹೇಳಿಕೊಟ್ಟದ್ದನ್ನು ಇಂದಿಗೂ ಮಾಡುತ್ತೇನೆ. ಕರೆಂಟ್ ಹೋದ ಕೂಡಲೇ ಫ್ರಿಜ್ಜಿನ ಬಟನ್ ಆರಿಸುವುದು, ಬಂದ ಮೇಲೆ ಮೊದಲು ಒಂದೇ ಬಲ್ಬು ಹಚ್ಚಿ ನೋಡುವುದು, ಅದು ಐದು ನಿಮಿಷ ಸರಿಯಾಗಿ ಉರಿದರೆ ಆಮೇಲೆ ಉಳಿದದ್ದು. ಸ್ಟೆಬಿಲೈಜರನ್ನೂ ಮುಂದಿನ ವಾರವೇ ತಂದೆವು. ಆದರೂ ಬಲ್ಬು ವಿಪರೀತ ಬೆಳ್ಳಗಾದರೆ ಸ್ಟೆಬಿಲೈಜರ್ ನಂಬಿ ಕೂರಬೇಡ, ಮೇನ್ ಆರಿಸು ಎಂದಿದ್ದರು ಅವರು.

ಬಂದ ಕೆಲಸ ಇನ್ನೂ ಆಗಿರಲಿಲ್ಲ. "ಕಾಕಾ, ಮಧ್ಯಾಹ್ನ ನಿಮಗ ಏನೇನೋ ಬೈದ್ನಿ. ತಪ್ಪಾತ್ರಿ" ಎಂದೆ.

ಅವರು ಎಳೆಯಿಂದ ಕಣ್ಣು ಎತ್ತಲಿಲ್ಲ. "ಬೈದಿದ್ದೇನ? ನಂಗೇನೂ ಕೇಳ್ಸಿಲ್ಲ ಬಿಡವ್ವಾ. ಜೀವಮಾನ ಎಲ್ಲಾ ಮಗ್ಗದ ಮುಂದ ನಿಂತು ಎರಡೂ ಕಿವಿ ಮಂದ ಆಗ್ಯಾವ."

ನನಗೆ ಎಷ್ಟು ಹಗುರಾಯಿತೆಂದರೆ, ಇಷ್ಟು ಹೊತ್ತು ಅವರ ಜೊತೆ ಮಾತಾಡಿದ್ದನ್ನೂ ಮರೆತು, ದೇವರು ದೊಡ್ಡವನು, ಕೇಳಿಸಿಲ್ಲ ಎಂದುಕೊಂಡೆ. ಹೊರಡಲು ತಿರುಗಿದೆ. ಬಾಗಿಲ ಹತ್ತಿರ ಸುಮಾ ನನ್ನ ಸೆರಗು ಜಗ್ಗಿ, ನನ್ನ ಕಿವಿಗೆ ಬಾಯಿ ಹಚ್ಚಿ, ನನಗೇ ಕೇಳಿಸುವುದು ಕಷ್ಟ ಎನ್ನುವಷ್ಟು ಮೆಲ್ಲಗೆ ಪಿಸುಗುಟ್ಟಿದಳು. "ಅವ್ವಾ, ನಾಳಿ ನಾ ಇಲ್ಲಿ ಬರ್ಲೇನ?"

ಹಿಂದಿನಿಂದ ಮಗ್ಗದ ಮೇಲೆ ಬಾಗಿದಲ್ಲಿಂದಲೇ ಕಾಕಾ ಅಂದರು, "ಬಾರವ್ವಾ ಬಾ. ಸೂಜಿ ಮಾಡಿಸ್ಕೊಂಡು ಬಾ."

ಮಧ್ಯಾಹ್ನ ನಾನು ಅಂದ ಒಂದೊಂದು ಮಾತೂ ಅವರಿಗೆ ಕೇಳಿಸಿತ್ತು. ಇಷ್ಟು ವರ್ಷವಾದರೂ ಅದನ್ನು ನೆನೆದಾಗಲೆಲ್ಲ ನಾಚಿಕೆಯಿಂದ ತಲೆ ತಗ್ಗುತ್ತದೆ, ಕೈ ಮಾತ್ರ ತಾನಾಗಿ ಮುಗಿಯುತ್ತದೆ.