ವಡಾಲದ ಗೋಣಿ ಮೈದಾನದ ಗುರುಬಾಯಿ

ಸರಕಾರಿ ಹಾಲಿನ ಬೂತಿನಲ್ಲಿ ಗಾಜಿನ ಬಾಟಲಿಗಳ ಸದ್ದು ಈಗಷ್ಟೇ ಶುರುವಾಗಿದೆ. ವಡಾಲ ಸ್ಟೇಷನ್ನಿನಾಚೆ, ಗೋದಾಮುಗಳ ಹಿಂದಿನ ಬಯಲಿನಲ್ಲಿ ಗುರುಬಾಯಿ ಮೂಗಿಗೆ ಸೆರಗು ಕಟ್ಟಿಕೊಂಡು ಗೋಣಿಚೀಲ ಝಾಡಿಸುತ್ತಿದ್ದಾರೆ. ಒಂದೊಂದು ಏಟಿಗೂ ಗೋಧಿಯ ಹೊಟ್ಟು, ಧೂಳು ಮೇಲೇಳುತ್ತದೆ. ಇವರ ಬಗ್ಗೆ ಬರೆಯಲೆಂದು ಬಂದ ನಾನು ಹತ್ತಿರ ಹೋದೊಡನೆ ಅವರ ಕೈ ನಿಲ್ಲುತ್ತದೆ.

"ಆ ಕಡೆ ನಿಂದರ್ರಿ ಅವ್ವಾರ, ಗಾಳಿ ಈ ಕಡೆ ಬೀಸಾಕತ್ತೈತಿ."

ಬಂದರಿನಲ್ಲಿ ಧಾನ್ಯ ಇಳಿಸಿದ ಮೇಲೆ ಹರಿದ ಚೀಲಗಳು ಲಾರಿಯಲ್ಲಿ ಇಲ್ಲಿಗೆ ಬರುತ್ತವೆ. ಬಡಿದು, ಬಿಸಿಲಿಗೆ ಹರವಿ, ದಬ್ಬಣ ಸುತಳಿಯಿಂದ ಹೊಲಿದು ಕೊಡಬೇಕು. ಬಿಜಾಪುರದ ಕಡೆಯ ಮೂವತ್ತು ಹೆಂಗಸರಿಗೆ ಇದೇ ಅನ್ನ. ಗುರುಬಾಯಿ ೧೯೫೮ರಲ್ಲಿ ಮದುವೆಯಾಗಿ ಬಂದವರು. ಈಗ ಇಪ್ಪತ್ತು ವರ್ಷ. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಎದೆನೋವಿನಿಂದ ತೀರಿಕೊಂಡರು. ಗುರುಬಾಯಿ ದಿನಕ್ಕೆ ಅರವತ್ತು ಚೀಲ ಹೊಲಿಯುತ್ತಾರೆ. ಕಣ್ಣು ಮಂಜಾದ ಲಕ್ಷ್ಮವ್ವನ ಪಾಲಿನ ಹತ್ತು ಅದರಲ್ಲಿ ಸೇರಿರುತ್ತವೆ. ಇದನ್ನು ಅವರು ಹೇಳಲಿಲ್ಲ; ಕೂತಲ್ಲಿಂದ ನಾನೇ ನೋಡಿದೆ.

ಈ ಬಯಲು ಇನ್ನು ಇವರದಲ್ಲ. ಮುಂದಿನ ಇಪ್ಪತ್ತು ವರ್ಷ ಈ ಭಾಗದ ಯಾವ ಜಮೀನಿನಲ್ಲಿ ಏನಿರಬೇಕೆಂದು ಹೇಳುವ ನಗರಪಾಲಿಕೆಯ ನಕ್ಷೆಯಲ್ಲಿ ಇದು ಉದ್ಯಾನ. ಬೇಲಿಯ ತಂತಿ ಆಗಲೇ ಬಂದು ಬಿದ್ದಿದೆ.

"ಗಾರ್ಡನ್ ಆದ್ರ ನಾವೂ ಹೂವಿನ ಗಿಡ ಆಗಿ ನಿಂದ್ರೂಣು, ಆಗ ಯಾರೂ ತಗಿಯೂದಿಲ್ಲ," ಎಂದು ಪಕ್ಕದಲ್ಲಿ ಹೊಲಿಯುತ್ತಿದ್ದ ರಾಚವ್ವ ನಗಿಸುತ್ತಾರೆ.

"ನೀ ಕಳ್ಳಿ ಗಿಡ. ನಿನ್ನ ಮೊದಲು ಕೀಳ್ತಾರ," ಎನ್ನುತ್ತಾರೆ ಗುರುಬಾಯಿ. ನಗು ಬೇಗ ಆರುತ್ತದೆ.

ಎರಡು ವರ್ಷದ ಹಿಂದೆ, ಆ ನಕ್ಷೆಗಾಗಿ ಯಾವ ಜಾಗದಲ್ಲಿ ಏನು ನಡೆಯುತ್ತಿದೆಯೆಂದು ಬರೆದುಕೊಳ್ಳಲು ಸರ್ವೆಯವರು ಬರುತ್ತಾರೆಂದು ಗೋದಾಮಿನ ವಾಚ್‌ಮನ್ ತಿಳಿಸಿದ. ದೊಡ್ಡವರು ಬರುವಾಗ ಅಂಗಳದಲ್ಲಿ ಕೆಲಸ ಹರವಿಕೊಂಡು ಕೂರಬಾರದು ಎಂಬುದು ಇವರು ಬೆಳೆದ ರೀತಿ. ಗುರುಬಾಯಿ ಎಲ್ಲರಿಗೂ ಹೇಳಿ ಚೀಲಗಳನ್ನು ಗೋದಾಮಿನೊಳಗೆ ಒಟ್ಟಿಸಿದರು. ಬಯಲು ಗುಡಿಸಿ, ನೀರು ಚಿಮುಕಿಸಿ, ಒಂದು ರಂಗೋಲಿಯನ್ನೂ ಹಾಕಿ, ಹೆಂಗಸರೆಲ್ಲ ತಾವು ವಾಸವಿರುವ ಚಾಳಿಗೆ ಹೋಗಿ ಕೂತರು. ಬಂದವರು ನೋಡಿದರು, 'ಖಾಲಿ' ಎಂದು ಬರೆದುಕೊಂಡು ಹೋದರು.

"ಬಿಳಿ ಬಟ್ಟಿ ಹಾಕ್ಕೊಂಡು ಬರೂ ಮಂದಿ. ಅವರ ಮ್ಯಾಲೆ ಧೂಳ ಹ್ಯಾಂಗ ಹಾರಸೂದ್ರಿ?" ಎನ್ನುತ್ತಾರೆ ಗುರುಬಾಯಿ.

ನಕ್ಷೆಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆಯೆಂದು ಪೇಪರಿನಲ್ಲಿ ಬಂದದ್ದನ್ನು ಓದಿದವರು ಆಂಟಾಪ್ ಹಿಲ್ಲಿನ ಗುಮಾಸ್ತ ಬಸವಂತರಾಯರು. ಧಾರವಾಡದವರು, ಇವರಿಗೆ ನೆಂಟರಲ್ಲ, ಗುರುತಿನವರೂ ಅಲ್ಲ. ದಿನಾ ರೈಲಿನ ಕಿಟಕಿಯಿಂದ ಇವರು ಚೀಲ ಬಡಿಯುವುದನ್ನು ನೋಡುತ್ತಿದ್ದರಂತೆ. ತಾವಾಗಿ ಬಂದು ತಿಳಿಸಿ, ಅರ್ಜಿ ಬರೆದು, ವಿಚಾರಣೆಯ ದಿನ ಅರ್ಧ ರಜೆ ಹಾಕಿ ಜೊತೆಗೂ ಹೋದರು.

ವಿಚಾರಣೆ ಮಾಡಿದ ಸಾಹೇಬರೂ ಒಳ್ಳೆಯವರೇ. ಕುರ್ಚಿ ಹಾಕಿಸಿದರು, ನೀರು ತರಿಸಿದರು.

"ಬಾಯಿ, ನಮ್ಮವರು ಬಂದಾಗ ಅಲ್ಲಿ ಯಾರೂ ಇರಲಿಲ್ಲವಲ್ಲ?" ಎಂದು ಮರಾಠಿಯಲ್ಲಿ ಕೇಳಿದರು.

"ನೀವು ಬರ್ತೀರಂತನ ಎತ್ತಿಟ್ಟಿದ್ವಿ ಸಾಹೇಬ, ಅಂದೆ," ಗುರುಬಾಯಿ ನೆನೆಯುತ್ತಾರೆ. "ಅವರು ಪೆನ್ನ ಕೆಳಗ ಇಟ್ಟು ನನ್ನ ಮಾರಿ ನೋಡಿದ್ರು. ಹೊರಗ ಬರೂಮುಂದ ಕೈ ಮುಗದ್ರು ನೋಡ್ರಿ, ನನಗ!"

ಮಳೆಗಾಲ ಕಳೆದ ಮೇಲೆ ಉತ್ತರ ಬಂತು: ನಕ್ಷೆ ಇದ್ದ ಹಾಗೆಯೇ. ಬೇರೆ ಜಾಗ ಹುಡುಕಿದರೆ ಸಿಗುವುದು ಮಾನಖುರ್ದಿನಾಚೆ. ಅಷ್ಟು ದೂರಕ್ಕೆ ಚೀಲ ಕಳಿಸಲು ವ್ಯಾಪಾರಿಗಳು ಒಪ್ಪುತ್ತಿಲ್ಲ. ಲಕ್ಷ್ಮವ್ವ ಊರಿಗೆ ಹೋಗುವ ಮಾತಾಡುತ್ತಿದ್ದಾರೆ. ಊರಲ್ಲಿ ಯಾರಿದ್ದಾರೆಂದು ಯಾರೂ ಕೇಳುವುದಿಲ್ಲ.

"ಯಾರೂ ನನ್ನ ಬೈಯಲಿಲ್ಲ ರೀ. ಒಬ್ಬಾಕೀನೂ. ಬೈದಿದ್ರ ಚಲೋ ಇತ್ತು," ಎನ್ನುತ್ತಾರೆ ಗುರುಬಾಯಿ.

ಈಗ ಪ್ರತಿ ಭಾನುವಾರ ಗುರುಬಾಯಿ ಮನೆಯಲ್ಲಿರುವುದಿಲ್ಲ. ಇನ್ನೂ ಸರ್ವೆ ಮುಟ್ಟದ, ನಕ್ಷೆಯಾಗದ ಬೇರೆ ಭಾಗಗಳನ್ನು ಬಸವಂತರಾಯರಿಂದ ಕೇಳಿ ತಿಳಿದು, ಅಲ್ಲಿಗೆ ನಡೆದು ಹೋಗುತ್ತಾರೆ. ಹೋದ ವಾರ ನಾನೂ ಹೋಗಿದ್ದೆ. ಆಂಟಾಪ್ ಹಿಲ್ಲಿನ ಬುಡದಲ್ಲಿ ಹಳೆಯ ಹತ್ತಿ ಬಡಿದು ಗಾದಿ ತುಂಬುವ ಕುಟುಂಬಗಳಿವೆ. ಮುಂದಿನ ವಾರ ಅಲ್ಲಿಗೂ ಸರ್ವೆಯವರು ಬರುತ್ತಾರೆಂದು ಸುದ್ದಿ.

"ಸಾಹೇಬ್ರು ಬಂದ್ರ ಕೂಡಾಕ ಕೊಡ್ರಿ, ನೀರ ಕೊಡ್ರಿ," ಗುರುಬಾಯಿ ನಿಂತುಕೊಂಡೇ ಹೇಳಿದರು. "ಆದ್ರ ಒಂದ ಗಾದೀನೂ ಒಳಗ ಒಯ್ಯಬ್ಯಾಡ್ರಿ. ಬಡಿಯೂ ಕೈ ನಿಲ್ಲಿಸಬ್ಯಾಡ್ರಿ."

ಅಲ್ಲಿಯ ಸುಂದ್ರವ್ವನಿಗೆ ಸಂಕೋಚ. "ಹತ್ತಿ ಹಾರಿ ಅವರ ಬಟ್ಟಿಗೆಲ್ಲಾ ಹತ್ತತೈತಲ್ಲ ಅಕ್ಕಾ?"

"ಹತ್ಲಿ ಬಿಡವ್ವಾ," ಎಂದರು ಗುರುಬಾಯಿ. "ಮನಿಗೆ ಹೋಗಿ ಒಗಸ್ಕೊಂತಾರ."