ಅಕ್ಕನ ಮಾಳಿಗೆಯ ದುರ್ಬೀನು

ದುರ್ಬೀನು ಕೊಳ್ಳಬೇಕೆಂದು ಯಾರಾದರೂ ಸಲಹೆ ಕೇಳಿದರೆ ನಾನು ಎರಡು ಪ್ರಶ್ನೆ ಹಾಕುತ್ತೇನೆ. ಏನನ್ನು ನೋಡಬೇಕು? ಎಲ್ಲಿ ಕೂತು ನೋಡಬೇಕು? ಎಷ್ಟು ದೂರದ್ದು ಕಾಣಬೇಕು ಎನ್ನುವುದು ಆಮೇಲಿನ ಮಾತು. ಬಹಳ ಜನ ಅದರಿಂದಲೇ ಶುರು ಮಾಡಿ, ಕಪಾಟಿನಲ್ಲಿ ಧೂಳು ಹಿಡಿಯುವ ವಸ್ತುವೊಂದನ್ನು ಮನೆಗೆ ತರುತ್ತಾರೆ.

ನಾನು ಹರಿಹರದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ದುಡಿದವನು. ಸೈರನ್ ಕೂಗುವ ಮುಂಚೆ ಗೇಟಿನೊಳಗಿರಬೇಕು. ಅಳತೆಯ ಸಾಧನ ಮುಟ್ಟುವ ಮುಂಚೆ ಕೈ ಒರೆಸಿಕೊಳ್ಳಬೇಕು. ಕೆಲಸ ಮುಗಿದೊಡನೆ ಅದು ತನ್ನ ಪೆಟ್ಟಿಗೆಗೆ ಹೋಗಬೇಕು. ನಿವೃತ್ತಿಯಾಗಿ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನೆಲೆಸಿದ ಮೇಲೂ ಈ ಪದ್ಧತಿ ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಕೊಂಡಜ್ಜಿ ಕೆರೆಗೆ ಹೋಗಿ ಹಕ್ಕಿ ನೋಡುತ್ತೇನೆ. ಅದಕ್ಕೆಂದು ಒಂದು ದುರ್ಬೀನು ಇಟ್ಟುಕೊಂಡಿದ್ದೇನೆ. ಹತ್ತು ಪಟ್ಟು ಹತ್ತಿರ ತೋರಿಸುವಂಥದ್ದು. ನನ್ನ ಕೈ ಇನ್ನೂ ಗಟ್ಟಿ, ಹಕ್ಕಿ ಸಣ್ಣದು, ಆದ್ದರಿಂದ ನನಗೆ ಅದು ಸರಿ.

ಅಕ್ಕನಿಗೆ ಅದು ಸರಿಹೋಗಲಿಲ್ಲ.

ಅಕ್ಕ ಇರುವುದು ಭಾನುವಳ್ಳಿಯಲ್ಲಿ. ಭಾವ ತೀರಿಕೊಂಡ ಮೇಲೆ ಗದ್ದೆಯನ್ನು ತಾನೇ ಮುಂದೆ ನಿಂತು ಮಾಡಿಸುತ್ತ ಬಂದವಳು. ಹೋದ ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಗಿ ಕೋಲೂರಿ ನಡೆಯುವಂತಾದಳು, ನಿಧಾನವಾಗಿ ಮೆಟ್ಟಿಲೂ ಹತ್ತಿದಳು. ಆದರೆ ಕೆಸರಿನ ಬದುವಿನ ಮೇಲೆ ಮಾತ್ರ ಕಾಲಿಡಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅವಳ ಮಗ ಹರಿಹರದಲ್ಲಿ ಟೈರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಕತ್ತಲಾದ ಮೇಲೆ.

ಸಸಿಮಡಿಗೆ ಬೀಜ ಚೆಲ್ಲುವ ಹೊತ್ತಿಗೆ ನಾನು ಅಕ್ಕನನ್ನು ನೋಡಲು ಹೋಗಿದ್ದೆ. ಮಗ ನನ್ನ ಮುಂದೆಯೇ ಮಾತು ತೆಗೆದ.

"ನೋಡೋರಿಲ್ಲದ ಗದ್ದಿ ಕಂಡೋರ ಪಾಲು, ಮಾಮ. ಗುತ್ತಿಗಿಗೆ ಕೊಟ್ಬಿಡಾಣ."

"ನೋಡೋರಿಲ್ಲ ಅಂತ ಯಾರಂದ್ರು?" ಎಂದಳು ಅಕ್ಕ. "ಮಾಳಿಗಿ ಮ್ಯಾಲೆ ಕುಂತ್ರೆ ಇಡೀ ಗದ್ದಿ ಕಾಣ್ತೈತೆ."

"ಹಸಿರು ಕಾಣ್ತೈತೆ. ಬದು ಒಡದು ನೀರು ಪಕ್ಕದವರ ಗದ್ದಿಗೆ ಹೋಗೋದು ಕಾಣ್ತೈತೇನು?"

ಅವನ ಮಾತಿನಲ್ಲಿ ಹುರುಳಿತ್ತು. ಅಕ್ಕ ನನ್ನ ಕಡೆ ತಿರುಗಿದಳು. "ತಮ್ಮ, ನೀನು ಹಕ್ಕಿ ನೋಡ್ತೀಯಲ್ಲ, ಅದು ಗದ್ದಿ ತೋರಸ್ತೈತಾ?"

ತೋರಿಸುತ್ತದೆ ಎಂದೆ. ತಾಯಿ ಮಗ ಇಬ್ಬರೂ ಒಂದು ಮಾತಿಗೆ ಬಂದರು. ಈ ಮಳೆಗಾಲದ ಬೆಳೆಯನ್ನು ಅಕ್ಕ ಮಾಳಿಗೆಯ ಮೇಲಿಂದಲೇ ಮಾಡಿಸಲಿ. ಸಸಿ ಬಲಿಯುವುದರೊಳಗೆ ನಾಟಿ ಮುಗಿಯದಿದ್ದರೆ ಗದ್ದೆ ಗುತ್ತಿಗೆಗೆ.

ಮುಂದಿನ ಸಲ ನನ್ನ ದುರ್ಬೀನನ್ನೇ ಒಯ್ದು ಅವಳ ಕೈಗೆ ಕೊಟ್ಟು ನೋಡಿದೆ. ಕೊಳ್ಳುವ ಮುಂಚೆ ಹೀಗೆ ಪರೀಕ್ಷಿಸಬೇಕು. ಅವಳ ಕೈ ಸಣ್ಣಗೆ ನಡುಗುತ್ತಿತ್ತು. ಹತ್ತು ಪಟ್ಟು ದೊಡ್ಡದಾಗಿ ಕಾಣುವಾಗ ನಡುಕವೂ ಹತ್ತು ಪಟ್ಟಾಗುತ್ತದೆ.

"ಗದ್ದಿ ಕುಣೀತೈತಲ್ಲೋ," ಎಂದಳು.

ಅವಳ ಕನ್ನಡಕ ಅಡ್ಡ ಬಂದು ಸುತ್ತಲೂ ಕಪ್ಪು ಕಾಣುತ್ತಿತ್ತು. ಕನ್ನಡಕ ತೆಗೆದರೆ ಒಂದು ಕಣ್ಣಿಗೆ ಮಂಜು. ಅವಳಿಗೆ ಬೇಕಾದದ್ದೇನು ಎಂಬುದು ಆಗ ಸ್ಪಷ್ಟವಾಯಿತು. ಪಟ್ಟು ಕಡಿಮೆ ಇರಬೇಕು. ನೋಟದ ಅಗಲ ಹೆಚ್ಚಿರಬೇಕು, ಒಂದೇ ಸಲಕ್ಕೆ ಗದ್ದೆಯ ಎರಡು ಮಡಿಯಾದರೂ ಸಿಗುವಷ್ಟು. ಮೋಡ ಕವಿದ ದಿನವೂ ಬೆಳಕು ಸಾಲುವಂತೆ ಮುಂದಿನ ಗಾಜು ದೊಡ್ಡದಿರಬೇಕು. ಕನ್ನಡಕ ಹಾಕಿಕೊಂಡೇ ನೋಡುವಂತಿರಬೇಕು.

ದಾವಣಗೆರೆಯ ಅಂಗಡಿಯವನಿಗೆ ಈ ಲೆಕ್ಕ ಹಿಡಿಸಲಿಲ್ಲ. ಕೆಂಪು ಗಾಜಿನ ಒಂದನ್ನು ಮುಂದಿಟ್ಟ.

"ಇದು ತಗಳ್ರಿ. ಇಪ್ಪತ್ತು ಪಟ್ಟು. ಚಂದ್ರನ ಮ್ಯಾಲಿನ ಗುಂಡಿ ಕಾಣ್ತಾವ."

"ನಮ್ಮಕ್ಕನ ಗದ್ದೆ ಚಂದ್ರನ ಮ್ಯಾಲಿಲ್ಲ. ಭಾನುವಳ್ಳಿಯಾಗೈತೆ."

"ಪವರ್ ಜಾಸ್ತಿ ಇದ್ರೆ ಒಳ್ಳೇದಲ್ಲೇನ್ರಿ?"

"ಸಾರಿಗೆ ಖಾರ ಜಾಸ್ತಿ ಇದ್ರೆ ಒಳ್ಳೇದಾ?"

ಅವನು ನಕ್ಕು ಒಳಗಿನಿಂದ ಬೇರೆ ಪೆಟ್ಟಿಗೆ ತಂದ. ಅಂಗಡಿಯ ಹೊರಗೆ ನಿಂತು, ರಸ್ತೆಯಾಚೆಯ ಬಟ್ಟೆ ಅಂಗಡಿಯ ಬೋರ್ಡನ್ನು ಒಂದೊಂದರಲ್ಲೂ ಓದಿದೆ. ಕನ್ನಡಕ ಹಾಕಿ ಓದಿದೆ, ತೆಗೆದು ಓದಿದೆ. ಅಕ್ಷರದ ಅಂಚಿಗೆ ನೀಲಿ ನೇರಳೆ ಗೆರೆ ಕಂಡವನ್ನು ಬದಿಗಿಟ್ಟೆ. ಕೊನೆಗೆ ಎಂಟು ಪಟ್ಟಿನ, ಮುಂದಿನ ಗಾಜು ನಲವತ್ತೆರಡು ಮಿಲಿಮೀಟರ್ ಅಗಲದ ಒಂದನ್ನು ಆರಿಸಿದೆ. ಕಣ್ಣಿಡುವ ಕಡೆಯ ರಬ್ಬರನ್ನು ಮಡಚಿದರೆ ಕನ್ನಡಕಕ್ಕೆ ಸರಿಯಾಗಿ ಕೂರುತ್ತಿತ್ತು.

ಭಾನುವಳ್ಳಿಗೆ ತಂದ ದಿನ ಅಕ್ಕನ ಎರಡು ಕಣ್ಣಿಗೆ ಬೇರೆ ಬೇರೆಯಾಗಿ ಹೊಂದಿಸಿ, ಹೊಂದಿಕೆಯ ಉಂಗುರ ತಿರುಗಿದರೆ ಗೊತ್ತಾಗಲೆಂದು ಬಣ್ಣದ ಚುಕ್ಕೆ ಹಚ್ಚಿದೆ. ಕಾರ್ಖಾನೆಯಲ್ಲಿ ಗೇಜುಗಳಿಗೆ ಹೀಗೇ ಗುರುತು ಹಾಕುತ್ತಿದ್ದೆವು. ಕೈ ತೊಳೆದು ಬರುವಷ್ಟರಲ್ಲಿ ಅಕ್ಕ ಅದನ್ನು ದೇವರ ಮುಂದಿಟ್ಟು ಎರಡೂ ಗಾಜಿಗೆ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟಿದ್ದಳು.

"ಏನಿದು ಅಕ್ಕ?"

"ಹೊಸ ಸಾಮಾನಲ್ಲೇನೋ. ಪೂಜಿ ಮಾಡ್ದೆ ಹೆಂಗೆ ಉಪಯೋಗ್ಸೋದು?"

ಬೂದಿ ಕಣದಿಂದ ಗೀರು ಬೀಳುತ್ತದೆಂದು ಊದಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ. ಪೂಜೆಯನ್ನು ಪೆಟ್ಟಿಗೆಗೆ ವರ್ಗಾಯಿಸಿದೆವು. ಇನ್ನೊಂದು ನಿಯಮವನ್ನೂ ಹೇಳಿದೆ. ಗದ್ದೆ ಮನೆಯ ಪಡುವಲಿಗಿದೆ, ಸೂರ್ಯ ಇಳಿಯುವುದು ಅದೇ ದಿಕ್ಕಿನಲ್ಲಿ. ದುರ್ಬೀನು ಸೂರ್ಯನತ್ತ ಹೋದರೆ ಕಣ್ಣೇ ಹೋದೀತು. ಬಿಸಿಲು ಇಳಿಮುಖವಾದೊಡನೆ ಅದು ಪೆಟ್ಟಿಗೆಯೊಳಗೆ. ಇದನ್ನು ಅಕ್ಕ ಒಮ್ಮೆಯೂ ಮೀರಲಿಲ್ಲ.

ಮೊದಲ ವಾರವೇ ಅದು ದುಡಿಯಿತು. ಮೂಲೆಯ ಬದುವಿನಲ್ಲಿ ಏಡಿ ಕೊರೆದ ತೂತಿನಿಂದ ನೀರು ಸೋರುವುದನ್ನು ಅಕ್ಕ ಮಾಳಿಗೆಯಿಂದ ಕಂಡು, ಫೋನ್ ಮಾಡಿ ಆಳಿನಿಂದ ಮುಚ್ಚಿಸಿದಳು. ಮಗ ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ತಾಯಿಯ ಕುರ್ಚಿಯನ್ನು ತಾನೇ ಮೇಲಕ್ಕೆ ಹೊತ್ತು ಇಟ್ಟು ಹೋಗತೊಡಗಿದ.

ತೊಂದರೆ ಬಂದದ್ದು ನಾಟಿಯ ದಿನ. ನಮ್ಮ ಕಡೆ ನಾಟಿ ಹಚ್ಚುವುದು ಹೆಂಗಸರ ಗುಂಪು. ಅವರಿಗೊಬ್ಬ ಮುಖ್ಯಸ್ಥೆ ಇರುತ್ತಾಳೆ. ಅವಳು ಒಪ್ಪಿದರೆ ಎಲ್ಲರೂ ಬರುತ್ತಾರೆ, ಅವಳು ಎದ್ದರೆ ಎಲ್ಲರೂ ಏಳುತ್ತಾರೆ. ಅಕ್ಕನ ಗದ್ದೆಗೆ ಬರುವ ಗುಂಪು ವರ್ಷಗಳಿಂದ ಅದೇ. ಆ ದಿನ ನಾನೂ ಮಾಳಿಗೆಯ ಮೇಲಿದ್ದೆ. ಅಕ್ಕ ಮೊಣಕೈಗಳನ್ನು ಗೋಡೆಗೆ ಊರಿ ನೋಡುತ್ತ, ಮುಖ್ಯಸ್ಥೆಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಳು. ಹಳದಿ ಸೀರೆಯವಳು ಸಸಿ ಆಳಕ್ಕೆ ಊರುತ್ತಿದ್ದಾಳೆ. ಕೊನೆಯವಳು ಬದುವಿನ ಮೇಲೆ ಕೂತು ಬಹಳ ಹೊತ್ತಾಯಿತು. ಇಬ್ಬರು ಮಾತಾಡುತ್ತ ನಿಂತಿದ್ದಾರೆ.

ಮಧ್ಯಾಹ್ನ ಊಟಕ್ಕೆ ಎದ್ದವರು ಮತ್ತೆ ಗದ್ದೆಗಿಳಿಯಲಿಲ್ಲ. ಮುಖ್ಯಸ್ಥೆ ಕೆಸರುಗಾಲಲ್ಲೇ ಮನೆಯ ಬಾಗಿಲಿಗೆ ಬಂದಳು. ಅಕ್ಕ ಕೋಲೂರಿ ಕೆಳಗಿಳಿದಳು.

"ನಾವೇನು ಕಳ್ಳರೇನಮ್ಮ? ಆಕಿ ಬದುವಿನ ಮ್ಯಾಲೆ ಕುಂತಿದ್ದು ಕಾಲಿಗೆ ಗಾಜು ಚುಚ್ಚಿ."

"ನನಗದು ಕಾಣ್ಲಿಲ್ಲವ್ವ."

"ಕಾಣೋದಷ್ಟು ಕಾಣ್ತೈತೆ, ಉಳಿದಿದ್ದು ಕಾಣಂಗಿಲ್ಲ. ಮೊದಲೂ ನೀನು ನೋಡ್ತಿದ್ದಿ, ಬೈತಿದ್ದಿ. ಬ್ಯಾಡ ಅಂದಿದ್ವಾ? ಬದುವಿನ ಮ್ಯಾಲೆ ನಿಂತಿದ್ರೆ ನೀನೂ ನಮಗೆ ಕಾಣ್ತಿದ್ದಿ. ಈಗ ನೀನು ನೋಡ್ತಿದ್ದೀಯೋ ಇಲ್ಲೋ, ಅದೂ ಗೊತ್ತಾಗಂಗಿಲ್ಲ. ಬಗ್ಗಿದ ಬೆನ್ನು ಉರೀತೈತಮ್ಮ."

ನಾಳೆ ನಂದಿಗುಡಿ ಕಡೆ ಕೆಲಸವಿದೆ, ಅಲ್ಲಿಗೆ ಹೋಗುತ್ತೇವೆ ಎಂದಳು. ಸಸಿ ಆಗಲೇ ನಾಟಿಗೆ ಬಂದು ನಿಂತಿತ್ತು. ಆ ಹದದಲ್ಲಿ ಬೇರೆ ಗುಂಪು ಸಿಗುವುದಿಲ್ಲ. ಅಕ್ಕನ ಬೆಳೆ ಹೋಗುವುದು, ಅದರ ಹಿಂದೆಯೇ ಗದ್ದೆ ಹೋಗುವುದು ನಮ್ಮಿಬ್ಬರಿಗೂ ಕಣ್ಣಿಗೆ ಕಟ್ಟಿದಂತಿತ್ತು.

ಅಕ್ಕ ಸಮಜಾಯಿಷಿ ಹೇಳಲಿಲ್ಲ. "ಮ್ಯಾಲೆ ಬಾ," ಎಂದಳು.

"ಕಾಲು ಕೆಸರಾಗೈತೆ."

"ಆಗ್ಲಿ ಬಾರವ್ವ. ನನ್ನ ಕಾಲಂತೂ ಕೆಸರು ಕಾಣದೆ ಎಷ್ಟು ದಿನಾತು."

ಮಾಳಿಗೆಯ ಮೇಲೆ ಅಕ್ಕ ತನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ ದುರ್ಬೀನು ಕೊಟ್ಟಳು. ನಾನು ಅವಳ ಕಣ್ಣುಗಳ ನಡುವಿನ ಅಂತರಕ್ಕೆ ಅದನ್ನು ಹೊಂದಿಸಿಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು. ಮರದಡಿ ಕೂತವರಲ್ಲಿ ಒಬ್ಬಳು ತಾನು ಬಿಟ್ಟು ಬಂದ ಬುತ್ತಿಯ ರೊಟ್ಟಿಯನ್ನೂ ಮುಗಿಸುತ್ತಿದ್ದಾಳೆಂದು ಬೈದಳು. ಆಮೇಲೆ ನಾಟಿಯ ಕಡೆ ತಿರುಗಿದಳು.

"ಆ ನಡುವಿನ ಸಾಲು ಸೊಟ್ಟಗಾಗೈತಲ್ಲ."

"ಅದನ್ನ ನಾನು ಹೇಳಿದ್ರೆ ಬೆನ್ನು ಉರೀತೈತೆ," ಎಂದಳು ಅಕ್ಕ.

ಇಬ್ಬರೂ ನಕ್ಕರು. ಆದರೆ ಮುಖ್ಯಸ್ಥೆ ದುರ್ಬೀನನ್ನು ಕೂಡಲೇ ಹಿಂದಿರುಗಿಸಲಿಲ್ಲ. "ನಮಗೂ ಒಂದು ಕೊಡಿಸು. ನೀನು ಹೆಂಗೆ ಕುಂತೀಯ ನಾವೂ ನೋಡ್ತೀವಿ," ಎಂದಳು. ಅವಳು ಅದನ್ನು ಚೇಷ್ಟೆಗೆ ಹೇಳಿದ್ದು. ಅಕ್ಕ ನನ್ನತ್ತ ನೋಡಿದ್ದು ಚೇಷ್ಟೆಗಲ್ಲ.

ಗುಂಪು ಆ ಸಂಜೆಯವರೆಗೆ ಕೆಲಸ ಮಾಡಲು ಒಪ್ಪಿತು. ನಾನು ಸಿಕ್ಕಿದ ಬಸ್ಸು ಹಿಡಿದು ದಾವಣಗೆರೆಗೆ ಬಂದೆ. ಈ ಸಲದ ಲೆಕ್ಕವೇ ಬೇರೆ. ಇದನ್ನು ಹಿಡಿಯುವುದು ಒದ್ದೆ ಕೈ, ಇಡುವುದು ಎಲೆ ಅಡಿಕೆ ಸಂಚಿಯಲ್ಲಿ, ನೋಡುವುದು ನಿಂತ ನಿಲುವಿನಲ್ಲಿ ಒಂದು ಕ್ಷಣ. ಆದ್ದರಿಂದ ಹಗುರ ಬೇಕು, ಮಡಚಬೇಕು, ನೀರು ಒಳಗೆ ಹೋಗಬಾರದು. ಹಗಲಿನ ಬೆಳಕಿದ್ದೇ ಇರುವುದರಿಂದ ಗಾಜು ಸಣ್ಣದಿದ್ದರೆ ಅಡ್ಡಿಯಿಲ್ಲ. ಅಂಗಡಿಯವನು ನನ್ನನ್ನು ಕಂಡೊಡನೆ ಕೆಂಪು ಗಾಜಿನದನ್ನು ತಾನೇ ಬದಿಗೆ ಸರಿಸಿದ.

ಮರುದಿನ ಅದು ಗದ್ದೆಗಿಳಿಯಿತು. ನಂದಿಗುಡಿಯ ಕೆಲಸವನ್ನು ಮುಖ್ಯಸ್ಥೆ ಮುಂದಕ್ಕೆ ಹಾಕಿದ್ದಳು. ಹೆಂಗಸರು ಸರದಿಯ ಮೇಲೆ ಮಾಳಿಗೆಯನ್ನು ನೋಡಿ ಕೈಬೀಸಿದರು. ಅಕ್ಕ ಈ ಸಲ ಫೋನ್ ಮಾಡಿದ್ದು ಒಂದೇ ಸಾರಿ, ಗಾಜು ಚುಚ್ಚಿದವಳ ಕಾಲು ಹೇಗಿದೆ ಎಂದು ಕೇಳಲು. ಮಧ್ಯಾಹ್ನ ಅಕ್ಕನ ಫೋನೇ ಬಡಿದುಕೊಂಡಿತು. ಆ ಕಡೆ ಮುಖ್ಯಸ್ಥೆ.

"ಅಮ್ಮ, ತಟ್ಟಿ ಪಕ್ಕಕ್ಕಿಟ್ಟು ಕುಂತೀಯಲ್ಲ. ಇನ್ನೂ ಯಾಕ ಉಂಡಿಲ್ಲ?"

"ನಿಮ್ಮದು ಮುಗೀಲಿ ಅಂತ."

"ನೀನು ಉಣ್ಣೋತನಕ ನಾವು ಸಸಿ ಮುಟ್ಟಂಗಿಲ್ಲ. ನೋಡ್ತಾ ಇದ್ದೀನಿ."

ಅಕ್ಕ ತಟ್ಟೆ ಎತ್ತಿಕೊಂಡಳು. ಉಣ್ಣುವವರೆಗೆ ಗದ್ದೆಯ ಕಡೆ ತಲೆಯೆತ್ತಲಿಲ್ಲ.

ಸಸಿ ಬಲಿಯುವ ಮುಂಚೆಯೇ ನಾಟಿ ಮುಗಿಯಿತು. ಸಾಲು ಸೊಟ್ಟಗಿದ್ದಲ್ಲಿ ಸೊಟ್ಟಗೇ ಉಳಿಯಿತು, ಪೈರು ಮಾತ್ರ ಎಲ್ಲ ಕಡೆ ಒಂದೇ ಸಮ ಎದ್ದಿತು. ಪೈರು ತೆನೆ ಬಿಡುವ ಹೊತ್ತಿಗೆ ನಾನು ಮತ್ತೆ ಹೋದಾಗ ಅಕ್ಕನ ಮಗನಿಗೆ ರಜೆ. ಮಾಳಿಗೆಯ ಮೇಲೆ ದುರ್ಬೀನು ಹಿಡಿದು ನಿಂತಿದ್ದ.

"ಮಾಮ, ಮೂಲಿ ಮಡ್ಯಾಗೆ ನೀರು ಜಾಸ್ತಿ ನಿಲ್ತೈತೆ," ಎಂದ. "ಬ್ಯಾಸಗಿ ಬೆಳಿಗೆ ಅಲ್ಲಿ ಬೇರೆ ಬೀಜ ಹಾಕಿದ್ರೆ ಹೆಂಗೆ?"

ಅಕ್ಕ ಕುರ್ಚಿಯಿಂದಲೇ ಹೇಳಿದಳು: "ಅವನಿಗೇನು ಕೇಳ್ತೀಯ? ಅವನು ಹಕ್ಕಿ ನೋಡೋನು. ನನ್ನ ಕೇಳು."