ಹೊಳಬಸಪ್ಪನ ಗಡಿಗೆಯ ಇಲಿ

ತಿರ್ಲಾಪುರದಲ್ಲಿ ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಎಲ್ಲರಿಗೂ ಬೇಕಾಗುವ ಮನುಷ್ಯ ಒಬ್ಬನೇ, ಇಲಿ ಹಿಡಿಯುವ ಹೊಳಬಸಪ್ಪ. ಈ ಮಾತನ್ನು ಊರಿಗಿಂತ ಹೆಚ್ಚಾಗಿ ಅವನೇ ಹೇಳುತ್ತಿದ್ದ. ಹೇಳಲಿ ಬಿಡಿ, ಕೆಲಸ ಬಲ್ಲವನ ಬಾಯಿಗೆ ಬೀಗ ಹಾಕುವವರು ಯಾರು?

ಎರೆಹೊಲದ ಇಲಿಗೆ ಕಾಲಸಪ್ಪಳ ಬಲು ಬೇಗ ತಿಳಿಯುತ್ತದೆ. ಮೊದಲೇ ಹೋಗಿ ಬಿಲದ ಬಳಿ ಕೂತರೆ ಅಂದು ಹೊರಗೇ ಬರುವುದಿಲ್ಲ. ಅದು ಹೊರಡುವ ಗಳಿಗೆಗೆ ಸರಿಯಾಗಿ ಬಲೆ ಬೀಳಬೇಕು. ಆ ಗಳಿಗೆ ತಿಳಿಯಲೆಂದೇ ಹೊಳಬಸಪ್ಪ ಕತ್ತಲೆ ಕೋಣೆಯ ಗಡಿಗೆಯೊಂದರಲ್ಲಿ ಅದೇ ಹೊಲದ ಇಲಿ ಸಾಕುತ್ತಿದ್ದ. ಅದು ಗಡಿಗೆ ಕೆರೆಯತೊಡಗಿದರೆ ಹೊಲದ ಇಲಿಗಳೂ ಎದ್ದವೆಂದು ಲೆಕ್ಕ. ಅವನು ಕೂಗು ಹಾಕುತ್ತಿದ್ದ, ಗಂಡಸರು ಬಲೆ ಹಿಡಿದು ಓಡುತ್ತಿದ್ದರು. ಇಪ್ಪತ್ತು ವರ್ಷ ಆ ಕೂಗು ಹುಸಿ ಹೋಗಿರಲಿಲ್ಲ. ಬೇಟೆ ಮುಗಿದ ಮೇಲೆ ಊರವರು ಅವನಿಗೆ ರುಮಾಲು ಸುತ್ತುವುದು ರೂಢಿ.

ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಹೆಂಡತಿ ಸಣ್ಣವ್ವ ಮಗಳ ಬಾಣಂತನಕ್ಕೆಂದು ದುಮ್ಮವಾಡಕ್ಕೆ ಹೊರಟಳು.

“ದಿನಾ ಸಂಜಿಕ ಹೊಲದ ಬೋನಿನಾಗಿಂದ ಹೊಸಾದೊಂದು ತಂದು ಗಡಿಗ್ಯಾಗಿನ ಇಲಿ ಜೋಡಿ ಬಿಡ್ರಿ, ಹಿಂದಿನ ದಿನ ತಂದಿದ್ದು ತಗೀರಿ. ನಾ ಮಾಡ್ತಿದ್ನಲ್ಲಾ, ಹಂಗ. ಒಂದನ ಇಟ್ಟರ ಅದಕ್ಕ ಬ್ಯಾಸರಾಗತೈತಿ,” ಎಂದಳು.

“ಹರಟಿ ಹೊಡ್ಯಾಕ ಅದಕ್ಕ ಗೆಳತಿ ಬೇಕೇನು? ನೀ ನಡಿ, ಬಸ್ ತಪ್ಪತೈತಿ.”

ಹೆಂಗಸರ ಕರುಳು ಇಲಿಗೂ ಮರುಗುತ್ತದೆ ಎಂದು ನಕ್ಕು, ಗಡಿಗೆಯಲ್ಲಿ ಒಂದೇ ಇಲಿ ಉಳಿಸಿಕೊಂಡ. ಹಗಲು ರಾತ್ರಿ ಕಾಣದ ಆ ಒಂಟಿ ಇಲಿ ದಿನದಿನಕ್ಕೆ ಒಂದಿಷ್ಟು ಮುಂಚೆ ಕೆರೆಯತೊಡಗಿತು. ತಿಂಗಳೊಳಗೆ ಬಿಸಿಲಿರುವಾಗಲೇ ಏಳುವ ಹಾಗಾಯಿತು. ಬೇಟೆಯ ದಿನ ಮಧ್ಯಾಹ್ನದ ಊಟ ಅರಗುವ ಮೊದಲೇ ಹೊಳಬಸಪ್ಪನ ಕೂಗು ಎದ್ದಿತು.

“ಹೊಳಬಸಪ್ಪ, ಬಿಸಲು ಇನ್ನೂ ಸುಡಾಕ ಹತ್ತೇದಲ್ಲೋ,” ಎಂದರು ಊರ ಹಿರಿಯ ಕೃಷ್ಣಾಜಿ.

“ಈ ವರ್ಷ ಥಂಡಿ ಜಾಸ್ತಿ ಐತ್ರಿ, ಲಗೂನ ಹೊರಡ್ತಾವು. ಇಲಿ ಸುಳ್ಳು ಹೇಳೂದಿಲ್ರಿ.”

ನಲವತ್ತು ಜನ ಕತ್ತಲಾಗುವ ತನಕ ಬಲೆ ಹಿಡಿದು ನಿಂತರು. ಒಂದು ಇಲಿಯೂ ಮೂತಿ ತೋರಿಸಲಿಲ್ಲ. ಕೃಷ್ಣಾಜಿ ಬೈಯಲಿಲ್ಲ. ಬೈದಿದ್ದರೆ ಮೇಲಾಗುತ್ತಿತ್ತು.

“ಒಂದು ವಾರ ನೋಡತೇವಿ. ಆಗಲಿಲ್ಲಂದ್ರ ಬಿಲಕ್ಕ ಔಷಧ ಹಾಕಸೂದ. ಆಮ್ಯಾಲ ನಿನ್ನ ಕೂಗು ಬ್ಯಾಡ.”

ಹೊಳಬಸಪ್ಪನಿಗೆ ಜೀವಮಾನದಲ್ಲೇ ಮೊದಲ ಸಲ ನಾಚಿಕೆಯಾಯಿತು. ಇಪ್ಪತ್ತು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾಗುತ್ತಿತ್ತು. ಗಡಿಗೆ ಅದೇ, ಕೋಣೆ ಅದೇ, ಹೊಲವೂ ಅದೇ. ಇಲ್ಲದವಳು ಸಣ್ಣವ್ವ ಒಬ್ಬಳೇ. ಮರುದಿನ ಅವಳು ಹೇಳಿದ್ದನ್ನೇ ಮಾಡಿದ, ಮನಸ್ಸಿಲ್ಲದ ಮನಸ್ಸಿನಿಂದ.

ಮೊದಲ ಸಂಜೆ ಹೊಸ ಇಲಿ, ಹೊಲದ ರೂಢಿಯಂತೆ, ದೀಪ ಹಚ್ಚುವ ಹೊತ್ತಿಗೆ ಕೆರೆಯಿತು. ಮಧ್ಯಾಹ್ನವೇ ಕುಣಿದು ದಣಿದಿದ್ದ ಹಳೆಯದು ಮೂಲೆಯಲ್ಲಿ ಮುದುರಿತ್ತು. ಹಳೆಯದನ್ನು ಅಲ್ಲೇ ಬಿಟ್ಟು, ಜೊತೆಯದನ್ನು ದಿನವೂ ಹೊಲದಿಂದ ತಂದು ಬದಲಿಸಿದ. ಹೊಸದು ಮಲಗಿರುವಾಗ ಹಳೆಯದಕ್ಕೂ ಕುಣಿಯುವ ಹುರುಪು ಇಳಿಯುತ್ತ ಬಂತು, ಅದರ ಹೊತ್ತು ಸಂಜೆಯ ಕಡೆಗೆ ಸರಿಯಿತು. ಏಳನೆಯ ದಿನ ಎರಡೂ ಕೂಡಿಯೇ ಕೆರೆದವು. ಹೊಳಬಸಪ್ಪ ಹೊಸಿಲಲ್ಲಿ ನಿಂತು ಎದೆಯ ಉಸಿರೆಲ್ಲ ಸೇರಿಸಿ ಕೂಗಿದ.

ಬಂದವರು ಅನುಮಾನದಲ್ಲೇ ಬಂದರು. ಬಲೆ ಹಾಸುವುದಕ್ಕೂ ಇಲಿಗಳು ನುಗ್ಗುವುದಕ್ಕೂ ಸರಿಹೋಯಿತು. ಎರಡು ಚೀಲ ತುಂಬಿದವು. ಕೃಷ್ಣಾಜಿ ನಗುತ್ತ ರುಮಾಲು ಬಿಚ್ಚಿ ಹತ್ತಿರ ಬಂದರು. ಹೊಳಬಸಪ್ಪ ತಲೆ ಹಿಂದಕ್ಕೆ ಎಳೆದುಕೊಂಡ.

“ರುಮಾಲು ಬ್ಯಾಡ್ರಿ.”

“ಯಾಕೋ, ಕಡಿಮಿ ಆತೇನು?”

“ಸೀರಿ ಕೊಡಸ್ರಿ. ಇಪ್ಪತ್ತು ವರ್ಷ ಆ ಇಲೀಗೆ ಹೊತ್ತು ತಪ್ಪದಂಗ ನೋಡಿಕೊಂಡಾಕಿ ಸಣ್ಣವ್ವ. ನಾ ಬರೇ ಕೂಗೇನ್ರಿ.”